ಅಧ್ಯಯನ ಪಾಠ: ಬಡಿಗತನಕ್ಕೆ ಶಕ್ತಿಯುತ ಪ್ಲಂಜ್ ರೂಟರ್ ಆಯ್ಕೆ – ಸದಸ್ಯರು ತಿಳಿದಿರಬೇಕಾದ ಅಂಶಗಳು

1. ಪೀಠಿಕೆ

ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯು 2023ರ ಸೆಪ್ಟೆಂಬರ್ 17ರಂದು ಜಾರಿಗೆ ಬಂದಿದ್ದು, ಅದರ ವ್ಯಾಪ್ತಿಯ 18 ವೃತ್ತಿಗಳಲ್ಲಿ ಬಡಿಗತನವೂ ಒಂದಾಗಿದೆ. ಸಾಮಾನ್ಯ ಸೇವಾ ಕೇಂದ್ರದಲ್ಲಿ ನೋಂದಣಿಯಾದ ಗ್ರಾಮೀಣ ಅರ್ಜಿಗಳ ಮೊದಲ ಹಂತದ ಪರಿಶೀಲನೆಯು ಗ್ರಾಮ ಪಂಚಾಯತಿಯಲ್ಲಿಯೇ ನಡೆಯುತ್ತದೆ. ಅರ್ಜಿಯ ಪರಿಶೀಲನೆಯೊಂದಿಗೆ ಯಂತ್ರದ ಆಯ್ಕೆಯ ಕುರಿತು ಸರಿಯಾದ ಪ್ರಶ್ನೆಗಳನ್ನು ಕೇಳುವ ಸದಸ್ಯರು ಅರ್ಜಿದಾರರ ಹಣವನ್ನೂ ಕೈಬೆರಳನ್ನೂ ಕಾಪಾಡಬಲ್ಲರು.

ಯೋಜನೆಯಡಿ ಉಪಕರಣಗಳಿಗೆ 15,000 ರೂ. ಪ್ರೋತ್ಸಾಹಧನವೂ, ಮೂಲ ತರಬೇತಿ ಪಡೆದವರಿಗೆ ಶೇ. 5ರ ಬಡ್ಡಿಯಲ್ಲಿ ಮೊದಲ ಕಂತಾಗಿ 1 ಲಕ್ಷ ರೂ.ವರೆಗಿನ ಸಾಲವೂ ದೊರೆಯುತ್ತವೆ. ಪೂರ್ಣ 1 ಲಕ್ಷವನ್ನು 18 ತಿಂಗಳಲ್ಲಿ ಸಮಕಂತುಗಳಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 5,800 ರೂ. ಬೀಳುತ್ತದೆ. ಕೊಂಡ ಯಂತ್ರವು ಮೂಲೆ ಸೇರಿದರೂ ಈ ಕಂತು ನಿಲ್ಲುವುದಿಲ್ಲ.

2. ಯಂತ್ರದ ಪರಿಚಯ

ರೂಟರ್ ಎಂಬುದು ವೇಗವಾಗಿ ತಿರುಗುವ ಬಿಟ್‌ನಿಂದ ಕಟ್ಟಿಗೆಯಲ್ಲಿ ತೋಡು, ಕಚ್ಚು, ಅಂಚಿನ ಅಲಂಕಾರ ಮುಂತಾದವುಗಳನ್ನು ಕೊರೆಯುವ ಯಂತ್ರ. ಪ್ಲಂಜ್ ರೂಟರ್‌ನಲ್ಲಿ ಮೋಟಾರು ಎರಡು ಕಂಬಗಳ ಮೇಲೆ ಸ್ಪ್ರಿಂಗ್ ಸಹಾಯದಿಂದ ಮೇಲೆ ಕೆಳಗೆ ಸರಿಯುತ್ತದೆ. ಆದ್ದರಿಂದ ತಿರುಗುತ್ತಿರುವ ಬಿಟ್ಟನ್ನು ಹಲಗೆಯ ನಡುವೆಯೇ ನೇರವಾಗಿ ಇಳಿಸಿ, ಬೇಕಾದ ಆಳಕ್ಕೆ ನಿಲ್ಲಿಸಬಹುದು. ಉಳಿ ಮತ್ತು ಕೊಡತಿಯಿಂದ ಬಹಳ ಹೊತ್ತು ಹಿಡಿಯುವ ಬೀಗದ ಗುಂಡಿ, ಚೌಕಟ್ಟಿನ ತೂತುಗಳನ್ನು ಇದು ಬೇಗ ಮುಗಿಸುತ್ತದೆ.

3. ಕೆಲಸ ಮೊದಲು, ವ್ಯಾಟ್ ನಂತರ

ಸೇಡಂ ತಾಲ್ಲೂಕಿನ ಕೋಡ್ಲಾದಂತಹ ಊರಿನ ಇಬ್ಬರು ಬಡಿಗರನ್ನು ಊಹಿಸಿಕೊಳ್ಳೋಣ. ಒಬ್ಬರು ಸಾಗವಾನಿ ಮತ್ತು ಬೇವಿನ ಕಟ್ಟಿಗೆಯಲ್ಲಿ ಬಾಗಿಲು, ಚೌಕಟ್ಟು ಮಾಡುವವರು. ಇನ್ನೊಬ್ಬರು ಪ್ಲೈವುಡ್ ಕಪಾಟು, ಅಡುಗೆಮನೆಯ ಶೆಲ್ಫುಗಳನ್ನು ಕೂರಿಸುವವರು. ಎರಡನೆಯವರಿಗೆ ಸನ್ಮೈಕಾ ಅಂಚು ಸವರಲು ಸುಮಾರು 700 ವ್ಯಾಟ್‌ವರೆಗಿನ ಸಣ್ಣ ಟ್ರಿಮ್ಮರ್ ಸಾಕು. ದೊಡ್ಡ ರೂಟರ್ 5–6 ಕಿಲೋ ತೂಗುವುದರಿಂದ ಸಣ್ಣ ಕೆಲಸಕ್ಕೆ ಅದು ಹೊರೆಯೇ ಸರಿ. ಮೊದಲನೆಯವರಿಗೆ ಮಾತ್ರ 1,600 ವ್ಯಾಟ್ ಮೇಲ್ಪಟ್ಟ ಪ್ಲಂಜ್ ರೂಟರ್ ಉಪಯುಕ್ತ.

4. ಅಂಗಡಿಯಲ್ಲಿ ಪರಿಶೀಲಿಸಬೇಕಾದ ಅಂಶಗಳು

ಅ) ಕಾಲೆಟ್: ಬಿಟ್ಟನ್ನು ಹಿಡಿಯುವ ಭಾಗವಿದು. ಗಟ್ಟಿ ಕಟ್ಟಿಗೆಗೆ 12 ಮಿ.ಮೀ. ಅಥವಾ ಅರ್ಧ ಇಂಚಿನ ಕಾಲೆಟ್ ಬೇಕು. ಕಾಲಿಂಚಿನ ಬಿಟ್‌ನ ದಂಡ ಅಧಿಕ ಭಾರಕ್ಕೆ ಬಾಗುತ್ತದೆ. ಅರ್ಧ ಇಂಚು ಎಂದರೆ 12.7 ಮಿ.ಮೀ. ಆದ್ದರಿಂದ 12 ಮಿ.ಮೀ. ಬಿಟ್ಟನ್ನು ಅರ್ಧ ಇಂಚಿನ ಕಾಲೆಟ್‌ಗೆ ಎಂದಿಗೂ ಹಾಕಬಾರದು. ತಿರುಗುವಾಗ ಅದು ಸಡಿಲಗೊಂಡು ಹೊರಬರುವ ಅಪಾಯವಿದೆ.

ಆ) ವೇಗ ನಿಯಂತ್ರಣ: 50 ಮಿ.ಮೀ. ಅಗಲದ ಬಿಟ್ ನಿಮಿಷಕ್ಕೆ 22,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ 200 ಕಿ.ಮೀ. ಮೀರುತ್ತದೆ. ದೊಡ್ಡ ಬಿಟ್‌ಗಳಿಗೆ 12,000 ಸುತ್ತು ಅಥವಾ ಅದಕ್ಕಿಂತ ಕಡಿಮೆ ವೇಗ ಸುರಕ್ಷಿತ. ವೇಗ ಬದಲಿಸುವ ಗುಂಡಿ ಇಲ್ಲದ ಯಂತ್ರದಲ್ಲಿ ಅಂತಹ ಬಿಟ್ ಬಳಸಬಾರದು. ಬಿಟ್‌ನ ಮೇಲೆ ಮುದ್ರಿಸಿದ ಗರಿಷ್ಠ ವೇಗವನ್ನು ಓದತಕ್ಕದ್ದು.

ಇ) ಇಳಿತ ಮತ್ತು ಬಿಗಿತ: ಮೋಟಾರು ಎಷ್ಟು ಮಿ.ಮೀ. ಇಳಿಯುತ್ತದೆ ಎಂಬುದನ್ನು ಮಾಡಬೇಕಾದ ತೂತಿನ ಆಳದೊಂದಿಗೆ ಹೋಲಿಸಬೇಕು. ಕಂಬಗಳ ಮೇಲೆ ಅಲುಗಾಟವಿಲ್ಲದೆ ಇಳಿದು, ಲಾಕ್ ಮಾಡಿದಲ್ಲಿಯೇ ನಿಲ್ಲಬೇಕು.

ಈ) ದುರಸ್ತಿ: ಕಾರ್ಬನ್ ಬ್ರಷ್ ಸವೆಯುವ ವಸ್ತು. ಅದು ಸೇಡಂ ಅಥವಾ ಕಲಬುರಗಿಯಲ್ಲಿ ದೊರೆಯದಿದ್ದರೆ ಎಷ್ಟೇ ಶಕ್ತಿಯುತ ಯಂತ್ರವಾದರೂ ವಾರಗಟ್ಟಲೆ ನಿಲ್ಲುತ್ತದೆ.

5. ವಿದ್ಯುತ್ ಸಂಪರ್ಕ

1,850 ವ್ಯಾಟ್ ಯಂತ್ರವು 230 ವೋಲ್ಟ್‌ನಲ್ಲಿ ಸುಮಾರು 8 ಆಂಪಿಯರ್ ಎಳೆಯುತ್ತದೆ. ಮನೆಯ ಸಾಮಾನ್ಯ 6 ಆಂಪಿಯರ್ ಸಾಕೆಟ್ ಇದಕ್ಕೆ ಸಾಲದು; 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಅವಶ್ಯ. 30 ಮೀಟರ್ ಉದ್ದದ 0.75 ಚ.ಮಿ.ಮೀ. ತಾಮ್ರದ ವೈರಿನಲ್ಲಿ ಈ ಭಾರಕ್ಕೆ ಸುಮಾರು 12 ವೋಲ್ಟ್ ನಷ್ಟವಾಗಿ ವೈರೂ ಬಿಸಿಯಾಗುತ್ತದೆ, 2.5 ಚ.ಮಿ.ಮೀ. ವೈರ್ ಬಳಸುವುದು ಉಚಿತ. ಮಂಜೂರಾದ ಲೋಡ್ ಕಡಿಮೆಯಿದ್ದಲ್ಲಿ ಯಂತ್ರ ಕೊಳ್ಳುವ ಮುನ್ನವೇ ಜೆಸ್ಕಾಂಗೆ ಅರ್ಜಿ ಸಲ್ಲಿಸುವಂತೆ ತಿಳಿಸಬೇಕು.

ಕರೆಂಟ್ ಹೋದಾಗ ಸ್ವಿಚ್ ಲಾಕ್ ಆಗಿಯೇ ಉಳಿದಿದ್ದರೆ, ಕರೆಂಟ್ ಮರಳಿದ ಕ್ಷಣವೇ ಯಂತ್ರ ತಾನಾಗಿ ತಿರುಗತೊಡಗುತ್ತದೆ. ಇದನ್ನು ತಡೆಯುವ ವ್ಯವಸ್ಥೆಯುಳ್ಳ ಯಂತ್ರವನ್ನೇ ಆರಿಸುವುದು ಒಳ್ಳೆಯದು. ಇಲ್ಲವಾದರೆ ಕರೆಂಟ್ ಹೋದೊಡನೆ ಸ್ವಿಚ್ ಆರಿಸಿ ಪ್ಲಗ್ ಕೀಳುವ ರೂಢಿ ಇರಲೇಬೇಕು.

6. ಸುರಕ್ಷತೆ

ಬಿಟ್ ಬದಲಿಸುವ ಮುನ್ನ ಪ್ಲಗ್ ತೆಗೆಯತಕ್ಕದ್ದು. ಹಲಗೆಯನ್ನು ಕೈಯಿಂದ ಹಿಡಿಯದೆ ಕ್ಲ್ಯಾಂಪ್‌ನಿಂದ ಬಿಗಿಯಬೇಕು. ಕೈಯಲ್ಲಿ ಹಿಡಿದ ರೂಟರನ್ನು ಹಲಗೆಯ ಹೊರ ಅಂಚಿನಲ್ಲಿ ಅಪ್ರದಕ್ಷಿಣವಾಗಿ, ಚೌಕಟ್ಟಿನ ಒಳ ಅಂಚಿನಲ್ಲಿ ಪ್ರದಕ್ಷಿಣವಾಗಿ ನಡೆಸಬೇಕು. ತಿರುವು ಮುರುವಾದರೆ ಯಂತ್ರ ಕೈಯಿಂದ ಜಿಗಿಯುತ್ತದೆ. ಆಳದ ತೂತನ್ನು ಒಮ್ಮೆಗೇ ಕೊರೆಯದೆ ಕೆಲವೇ ಮಿ.ಮೀ.ಗಳಂತೆ ಹಂತ ಹಂತವಾಗಿ ಇಳಿಸಬೇಕು. ಕಟ್ಟಿಗೆಯ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಆದಕಾರಣ ಮಾಸ್ಕ್, ಕನ್ನಡಕ ಮತ್ತು ಕಿವಿಯ ರಕ್ಷಣೆಯ ಖರ್ಚನ್ನು ಯಂತ್ರದ ಬೆಲೆಯೊಂದಿಗೇ ಲೆಕ್ಕ ಹಾಕಬೇಕು.

7. ಅರ್ಜಿದಾರರನ್ನು ಕೇಳಬೇಕಾದ ಐದು ಪ್ರಶ್ನೆಗಳು

1) ಕಳೆದ ಆರು ತಿಂಗಳಲ್ಲಿ ತಾವು ಮಾಡಿದ ಕೆಲಸದಲ್ಲಿ ಬಾಗಿಲು–ಚೌಕಟ್ಟು ಎಷ್ಟು, ಪ್ಲೈವುಡ್ ಎಷ್ಟು?
2) ಈ ಯಂತ್ರದಿಂದ ತಿಂಗಳಿಗೆ ಹೆಚ್ಚಾಗುವ ಆದಾಯವು ಕಂತನ್ನು ತೀರಿಸಬಲ್ಲದೇ?
3) ಕೆಲಸದ ಜಾಗದಲ್ಲಿ 16 ಆಂಪಿಯರ್ ಸಾಕೆಟ್ ಮತ್ತು ಅರ್ಥಿಂಗ್ ಇವೆಯೇ?
4) ಬ್ರಷ್, ಕಾಲೆಟ್, ಬಿಟ್‌ಗಳು ಹತ್ತಿರದಲ್ಲಿ ದೊರೆಯುತ್ತವೆಯೇ?
5) ಈ ಯಂತ್ರವನ್ನು ಬಾಡಿಗೆಗೆ ಅಥವಾ ಜೊತೆಗಾರರಿಂದ ಪಡೆದು ಒಮ್ಮೆಯಾದರೂ ನಡೆಸಿ ನೋಡಿದ್ದೀರಾ?

ಈ ಪ್ರಶ್ನೆಗಳು ಅರ್ಜಿಯನ್ನು ತಡೆಯಲಿಕ್ಕಲ್ಲ. ಯೋಜನೆಯ ಅರ್ಹತೆಗೂ ಇವಕ್ಕೂ ಸಂಬಂಧವಿಲ್ಲ. ಅರ್ಜಿದಾರರು ಅಂಗಡಿಯ ಮೆಟ್ಟಿಲು ಹತ್ತುವ ಮುನ್ನ ತಮ್ಮ ಕೆಲಸವನ್ನು ತಾವೇ ಅಳೆದುಕೊಳ್ಳಲಿ ಎಂಬುದಷ್ಟೇ ಇವುಗಳ ಉದ್ದೇಶ. ಸದಸ್ಯರು ಈ ಪಾಠವನ್ನು ಮುಂದಿನ ಸಭೆಯಲ್ಲಿ ಓದಿ, ತಮ್ಮ ವಾರ್ಡಿನ ಬಡಿಗರಿಗೆ ತಿಳಿಸಲು ಕೋರಲಾಗಿದೆ.