ಹಳೇ ಲಾಟೀನನ್ನು ಮನೆಯ ಅಂದಕ್ಕೆ ಇಡುವವರು ಮಾಡಬೇಕಾದ್ದು, ಮಾಡಬಾರದ್ದು

ಅರಕೆರೆ ಸುತ್ತಮುತ್ತ ಅಟ್ಟದ ಮೇಲಿನ ಸೀಮೆಎಣ್ಣೆ ಲಾಟೀನನ್ನು ಇಳಿಸಿ ಜಗುಲಿಗೋ ಹೊಸ ಮನೆಯ ಹಾಲಿಗೋ ಹೊಳೆ ದಂಡೆಯ ಹೋಮ್‌ಸ್ಟೇಗೋ ತೂಗುಹಾಕುವವರೆಲ್ಲರಿಗೂ ಈ ಸೂಚನೆ. ನಮ್ಮ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಹುಟ್ಟಿತು. ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಇಲ್ಲಿನ ಹಳ್ಳಿಯವರು ಆಮೇಲೂ ಎಷ್ಟೋ ವರ್ಷ ಲಾಟೀನು ಹಿಡಿದೇ ರಾತ್ರಿ ಗದ್ದೆಗೆ ನೀರು ಕಟ್ಟಿದರು, ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡಿದರು. ಆ ದುಡಿಮೆಯ ಗುರುತು ಲಾಟೀನಿನ ಮೈಮೇಲೆ ಉಳಿದಿದೆ. ಅದನ್ನು ಅಳಿಸಬೇಡಿ. ಅದರ ನೆಪದಲ್ಲಿ ಮನೆಗೆ ಬೆಂಕಿಯನ್ನೂ ಕರೆಯಬೇಡಿ.

ಕೊಳ್ಳುವ ಮುಂಚೆ

ಮೊದಲು ನಿಮ್ಮ ಮನೆಯ ಅಟ್ಟ, ಕೊಟ್ಟಿಗೆ ಹುಡುಕಿ. ಸಿಕ್ಕಿದ್ದನ್ನು ಗುಜರಿಯವನ ತಕ್ಕಡಿಗೆ ಹಾಕಬೇಡಿ. ತಗಡಿನ ತೂಕಕ್ಕೆ ಬರುವ ದುಡ್ಡು ಒಂದು ಹೊತ್ತಿನ ಕಾಫಿಗೂ ಸಾಲದು. ಯಾರು ಹಿಡಿದು ಓಡಾಡುತ್ತಿದ್ದರು ಎಂದು ಮನೆಯ ಹಿರಿಯರನ್ನು ಕೇಳಿ, ಚೀಟಿಯಲ್ಲಿ ಬರೆದು ತಳಕ್ಕೆ ಅಂಟಿಸಿ.

ಹೊರಗೆ ಕೊಳ್ಳುವುದಾದರೆ ಸವೆತ ಎಲ್ಲಿದೆ ನೋಡಿ. ನಿಜವಾಗಿ ದುಡಿದ ಲಾಟೀನು ಕೈ ತಾಗುವ ಕಡೆ ಸವೆದಿರುತ್ತದೆ: ಹಿಡಿಕೆಯ ತಂತಿ, ಬತ್ತಿ ಏರಿಸುವ ತಿರುಪು, ನೆಲಕ್ಕೆ ಉಜ್ಜುವ ತಳದ ಅಂಚು. ಮೈತುಂಬ ಒಂದೇ ಸಮ ತುಕ್ಕು ಬಳಿದಂತಿದ್ದರೆ ಅದು ಆಸಿಡ್ ಹಾಕಿ ಮುದಿಮಾಡಿದ ಹೊಸ ಮಾಲು. ಹಳೆಯದರ ಬೆಲೆ ಕೊಡಬೇಡಿ. ಎಣ್ಣೆ ತೊಟ್ಟಿಯ ಮೇಲೋ ಮುಚ್ಚಳದ ಮೇಲೋ ಒತ್ತಿದ ಕಂಪನಿ ಹೆಸರು ಓದಿ. ಜರ್ಮನಿಯ ಫ್ಯೂರ್‌ಹ್ಯಾಂಡ್, ಅಮೆರಿಕದ ಡೀಟ್ಜ್, ನಮ್ಮ ದೇಶದವೇ ಅನೇಕ ಇವೆ. ಆ ಅಕ್ಷರಗಳನ್ನು ಉಜ್ಜಿ ತೆಗೆಯುವುದು ಖಂಡಿತ ಬೇಡ.

ತೊಳೆಯುವಾಗ

ಹಳೇ ಎಣ್ಣೆಯನ್ನು ಮನೆಯ ಹೊರಗೆ ಬಗ್ಗಿಸಿಕೊಳ್ಳಿ. ಚರಂಡಿಗೆ, ಕಾಲುವೆಗೆ, ಬಾವಿ ಪಕ್ಕ ಚೆಲ್ಲಬೇಡಿ. ಮೆಕ್ಯಾನಿಕ್ ಅಂಗಡಿಯವರಿಗೆ ಬಿಡಿಭಾಗ ತೊಳೆಯಲು ಬೇಕಾಗುತ್ತದೆ, ಕೇಳಿ ಕೊಡಿ. ಬತ್ತಿ ತೆಗೆದು, ಸೋಪಿನ ನೀರಲ್ಲಿ ಮೈ ತೊಳೆದು, ತಕ್ಷಣ ಒರೆಸಿ ಬಿಸಿಲಿಗಿಡಿ. ಗಾಜಿಗೆ ಜರಡಿ ಹಿಡಿದ ಬೂದಿ, ಹಳೇ ಪಂಚೆಯ ಬಟ್ಟೆ ಸಾಕು.

ಹುಣಸೆಹಣ್ಣು ಹಿತ್ತಾಳೆ ದೀಪಕ್ಕೆ ಸರಿ. ತಗಡಿನ ಲಾಟೀನಿಗೆ ಹಾಕಬಾರದು. ತಗಡಿನ ಮೇಲಿನ ತೆಳ್ಳನೆ ಲೇಪವನ್ನು ಹುಳಿ ತಿಂದುಹಾಕುತ್ತದೆ, ಮುಂದಿನ ಮಳೆಗಾಲಕ್ಕೆ ತೂತು ಬೀಳುತ್ತದೆ. ಉದುರುವ ತುಕ್ಕನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ತೆಗೆದು, ಹೊಲಿಗೆ ಮೆಷಿನ್ ಎಣ್ಣೆಯನ್ನು ತೆಳುವಾಗಿ ಸವರಿ. ಹಳೇ ಬಣ್ಣವನ್ನು ಉಪ್ಪುಕಾಗದದಿಂದ ಒಣಗಿದಂತೆಯೇ ಉಜ್ಜಬೇಡಿ. ಅದರಲ್ಲಿ ಸೀಸ ಇರಬಹುದು, ಆ ಧೂಳು ಮಕ್ಕಳ ಮೆದುಳಿಗೆ ವಿಷ. ಬಂಗಾರದ ಬಣ್ಣ, ಕಪ್ಪು ಸ್ಪ್ರೇ ಎರಡೂ ಬೇಡ. ಬಣ್ಣ ಬಳಿದ ಲಾಟೀನು ಅಂಗಡಿಯ ಬೊಂಬೆಯಾಗುತ್ತದೆ, ಅಜ್ಜನ ಲಾಟೀನಾಗಿ ಉಳಿಯುವುದಿಲ್ಲ.

ಬೆಳಕು ಬೇಕಾದರೆ

ಮನೆಯೊಳಗೆ ಬ್ಯಾಟರಿಯ ಪುಟ್ಟ ಎಲ್‌ಇಡಿ ಇಡಿ, ಹಳದಿ ಬೆಳಕಿನದು. ವೈರು ಎಳೆಯಲು ತೊಟ್ಟಿಗೆ ಡ್ರಿಲ್ ಹಾಕಬೇಡಿ. ಒಮ್ಮೆ ತೂತಾದದ್ದು ಮತ್ತೆ ಎಣ್ಣೆ ಹಿಡಿಯದು. 230 ವೋಲ್ಟಿನ ವೈರನ್ನು ತಗಡಿನ ಮೈಗೆ ತಾಗುವಂತೆ ನೇರ ಎಳೆಯಲೇಬಾರದು. ವೈರಿನ ಸಿಪ್ಪೆ ಕಿತ್ತರೆ ಮುಟ್ಟಿದವರಿಗೆ ಶಾಕು. ತೂಗುಹಾಕಲು ತೊಲೆಗೆ ತಿರುಪಿನ ಕೊಕ್ಕೆ ಹಾಕಿ. ಸೀಲಿಂಗಿನ ಪಿಒಪಿಗೆ ಮೊಳೆ ಹೊಡೆದು ನೆಚ್ಚಬೇಡಿ.

ನಿಜವಾಗಿಯೂ ಹಚ್ಚಲೇಬೇಕಾದರೆ ಅಂಗಳದಲ್ಲಿ ಹಚ್ಚಿ. ಮೊದಲು ತೊಟ್ಟಿಗೆ ನೀರು ತುಂಬಿ ರಾತ್ರಿಯೆಲ್ಲ ಪೇಪರಿನ ಮೇಲಿಡಿ. ಪೇಪರು ಒದ್ದೆಯಾಗಿದ್ದರೆ ಆ ಲಾಟೀನು ನೋಡಲಿಕ್ಕೆ ಮಾತ್ರ. ಸೋರದಿದ್ದರೆ ಚೆನ್ನಾಗಿ ಒಣಗಿಸಿ. ಎರಡು ಪಕ್ಕದ ಕೊಳವೆಗಳು ಬತ್ತಿಗೆ ಗಾಳಿ ಒಯ್ಯುವ ದಾರಿ. ಅವು ತುಕ್ಕು ತಿಂದು ತೂತಾಗಿದ್ದರೂ, ಜೇಡರ ಬಲೆ ಕಟ್ಟಿದ್ದರೂ ಉರಿ ಕೆಟ್ಟು ಕಪ್ಪು ಹೊಗೆ ಬರುತ್ತದೆ. ಬತ್ತಿಯನ್ನು ಸಮನಾಗಿ ಕತ್ತರಿಸಿ. ತೊಟ್ಟಿಯನ್ನು ಕಂಠಮಟ್ಟ ತುಂಬಬೇಡಿ. ಉರಿಯುತ್ತಿರುವಾಗ ಎಣ್ಣೆ ಹುಯ್ಯಬೇಡಿ. ಪೆಟ್ರೋಲನ್ನು ಒಂದು ತೊಟ್ಟೂ ಬೆರೆಸಬೇಡಿ. ಅದರ ಆವಿ ತಣ್ಣನೆ ಹೊತ್ತಿನಲ್ಲೂ ಹೊತ್ತಿಕೊಳ್ಳುತ್ತದೆ, ಲಾಟೀನೇ ಸಿಡಿಯುತ್ತದೆ. ಹುಲ್ಲಿನ ಮೆದೆ, ಕಬ್ಬಿನ ತರಗು, ಗರಿ ಚಪ್ಪರ ಇರುವ ಕಡೆ ಬೆಂಕಿಕಡ್ಡಿಯನ್ನೇ ಗೀರಬೇಡಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಉರಿಸಿಕೊಂಡು ಮಲಗುವುದು ಬೇಡ. ಹೋಮ್‌ಸ್ಟೇ ನಡೆಸುವವರು ಅತಿಥಿಗಳ ಕೋಣೆಯಲ್ಲಿಡುವ ಲಾಟೀನಿನಲ್ಲಿ ಎಣ್ಣೆಯನ್ನೂ ಬತ್ತಿಯನ್ನೂ ಇಡಲೇಬಾರದು.

ಮಕ್ಕಳಿರುವ ಮನೆಯಲ್ಲಿ

ಸೀಮೆಎಣ್ಣೆಯನ್ನು ಜ್ಯೂಸಿನ ಬಾಟಲಿಯಲ್ಲಿ, ನೀರಿನ ಚೊಂಬಿನಲ್ಲಿ ಇಡಬೇಡಿ. ಪಡಿತರದ ಎಣ್ಣೆ ನೀಲಿ, ಹೊರಗಿನದು ನೀರಿನಂತೆ. ಬಾಯಾರಿದ ಮಗುವಿಗೆ ಎರಡೂ ಕುಡಿಯುವ ವಸ್ತುವೇ. ಕುಡಿದುಬಿಟ್ಟರೆ ವಾಂತಿ ಮಾಡಿಸಲೇಬೇಡಿ, ಉಪ್ಪುನೀರು, ಹಾಲು ಹಾಕಬೇಡಿ. ವಾಂತಿಯಾಗುವಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಜೀವಕ್ಕೆ ಕುತ್ತು ತರುವುದು ಅದೇ. ಎಣ್ಣೆ ತಾಗಿದ ಬಟ್ಟೆ ಬಿಚ್ಚಿ, ಮೈ ತೊಳೆದು, 108ಕ್ಕೆ ಫೋನು ಮಾಡಿ. ಮಗು ಆಡಿಕೊಂಡಿದೆ ಎಂದು ಮನೆಯಲ್ಲೇ ಇಟ್ಟುಕೊಳ್ಳಬೇಡಿ. ಕೆಮ್ಮು, ಏದುಸಿರು ಕೆಲವು ಗಂಟೆ ಕಳೆದ ಮೇಲೂ ಶುರುವಾಗಬಹುದು. ಮಗುವಿನ ಜೊತೆ ಆ ಬಾಟಲಿಯನ್ನೂ ಆಸ್ಪತ್ರೆಗೆ ತೆಗೆದುಕೊಂಡು ಹೋಗಿ.