ಹೊಗಳಿಕೆಗೂ ಹದ ಬೇಕು

ಮೊನ್ನೆ ನೆಂಟರ ಮನೆಯಲ್ಲಿ ಮಕ್ಕಳು ಚೌಕಾಬಾರ ಆಡುತ್ತಿದ್ದರು. ಎಂಟು ವರ್ಷದ ಹುಡುಗನ ಕಾಯಿ ಇನ್ನೇನು ಹಣ್ಣಾಗಬೇಕು, ಅಷ್ಟರಲ್ಲಿ ಅವನಕ್ಕ ಅದನ್ನು ಕಡಿದಳು. ಹುಡುಗ ಕವಡೆಗಳನ್ನು ಬಾಚಿ ಅವಳ ಮುಖಕ್ಕೇ ಎಸೆದ. ತಾಯಿ ಓಡಿ ಬಂದವರು, "ನನ್ನ ರಾಜನಿಗೆ ಯಾರು ಸಾಟಿ! ಅವಳೇ ಮೋಸ ಮಾಡಿರಬೇಕು" ಎಂದು ಅವನನ್ನೇ ಮುದ್ದಾಡಿದರು. ಹೆತ್ತವರಿಗೆ ಹೆಗ್ಗಣ ಮುದ್ದು, ಒಪ್ಪೋಣ. ಆದರೆ ಹೆಗ್ಗಣಕ್ಕೆ ನೀನು ಆನೆ ಎಂದು ಹೇಳಿಕೊಡಬೇಡಿ.

ಸಿಟ್ಟಿನವರಿಗೆಲ್ಲ ಒಳಗೊಳಗೆ ಕೀಳರಿಮೆ ಇರುತ್ತದೆ, ಹೊಗಳಿದರೆ ಸರಿಹೋಗುತ್ತಾರೆ ಎಂದು ನೀವು ಕೇಳಿರಬಹುದು. 1998ರಲ್ಲಿ ಅಮೆರಿಕದ ಬುಷ್‌ಮನ್ ಮತ್ತು ಬೌಮೈಸ್ಟರ್ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಂದ ಪ್ರಬಂಧ ಬರೆಸಿ, ಕೆಲವರಿಗೆ ಬೇಕೆಂದೇ 'ತೀರಾ ಕಳಪೆ' ಎಂಬ ಷರಾ ಕೊಡಿಸಿದರು. ಆಮೇಲೆ ಒಂದು ಆಟ. ಗೆದ್ದವರು ಎದುರಾಳಿಯ ಕಿವಿಗೆ ಕರ್ಕಶ ಸದ್ದು ಬಿಡಬಹುದು. ತೆಗಳಿದವರ ಕಿವಿ ಗುಂಯ್‌ಗುಡುವಂತೆ ಸೇಡು ತೀರಿಸಿಕೊಂಡವರು ಯಾರು ಗೊತ್ತೇ? 'ನನ್ನ ಬಿಟ್ಟರಿಲ್ಲ' ಎಂಬ ಆತ್ಮರತಿಯವರು. ಆತ್ಮಗೌರವ ಹೆಚ್ಚೋ ಕಡಿಮೆಯೋ, ಅದಕ್ಕೂ ಈ ಆಕ್ರಮಣಕ್ಕೂ ಅಲ್ಲಿ ನಂಟು ಕಾಣಲಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಎಂದು ನಮ್ಮ ಅಜ್ಜಿಯರು ಸುಮ್ಮನೆ ಹೇಳಿದ್ದಲ್ಲ.

ಹಾಗೆಂದು ನಾಳೆಯಿಂದ ಮಗುವನ್ನು ಹೀಗಳೆಯಲು ಹೊರಡಬೇಡಿ! ತಮ್ಮನ್ನು ಕೀಳೆಂದುಕೊಂಡ ಮಕ್ಕಳೂ ಜಗಳಗಂಟರಾಗುವುದನ್ನು ಬೇರೆ ಅಧ್ಯಯನಗಳು ಕಂಡಿವೆ. ನೆದರ್ಲೆಂಡ್ಸ್‌ನಲ್ಲಿ 7ರಿಂದ 11 ವರ್ಷದ 565 ಮಕ್ಕಳನ್ನೂ ಅವರ ಹೆತ್ತವರನ್ನೂ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಬಹಳ ಹಿಡಿಸಿತು. 'ನಮ್ಮ ಮಗು ಎಲ್ಲರಿಗಿಂತ ಮೇಲು' ಎಂದು ಮೆರೆಸಿದ ಮನೆಗಳಲ್ಲಿ ಆತ್ಮರತಿ ಬೆಳೆಯಿತು. ಬರೀ ಅಕ್ಕರೆ ತೋರಿದ ಮನೆಗಳಲ್ಲಿ ಆತ್ಮಗೌರವ ಬೆಳೆಯಿತು.

ಆದ್ದರಿಂದ, ಅಪ್ಪಿಕೊಳ್ಳಿ, ಅಟ್ಟಕ್ಕೇರಿಸಬೇಡಿ. ಚಿತ್ರ ಬರೆದು ತಂದರೆ "ಈ ಮರದ ನೆರಳು ಚೆನ್ನಾಗಿದೆ" ಎನ್ನಿ, "ನಿನ್ನಂಥ ಕಲಾವಿದ ಊರಲ್ಲೇ ಇಲ್ಲ" ಬೇಡ. ಅಂಕ ಕಡಿಮೆ ಬಂದರೆ ಮೇಷ್ಟ್ರನ್ನು ಬೈಯಬೇಡಿ. ಆಟದಲ್ಲಿ ಬೇಕೆಂದೇ ಸೋತು ಗೆಲ್ಲಿಸುವ ಚಾಳಿಯನ್ನಂತೂ ಇವತ್ತೇ ಬಿಡಿ. ಅಜ್ಜಂದಿರಿಗೆ ಇದನ್ನು ಮೊದಲು ಹೇಳಬೇಕು. ಇನ್ನು ನೀವು? ಸಾರಿಗೆ ಉಪ್ಪು ಹೆಚ್ಚಾಯಿತು ಎಂದವರ ಮೇಲೆ ಸೌಟು ಕುಕ್ಕಿದರೆ ಮಗು ಕಲಿಯುವುದೂ ಅದನ್ನೇ. ಮೊದಲು ರುಚಿ ನೋಡಿ.

ಆ ಹುಡುಗ ಸೋತು ಅತ್ತರೆ ಅಳಲಿ, ಪಕ್ಕದಲ್ಲಿ ಕೂತು ಬೆನ್ನು ಸವರಿ. ಚೆಲ್ಲಿದ ಕವಡೆಗಳನ್ನು ಮಾತ್ರ ಅವನೇ ಆರಿಸಲಿ, ನೀವು ಬಗ್ಗಬೇಡಿ.