ಸಿಂಗಳೀಕ ನೋಡಲು ಹೊರಟವರು ಉಣುಗು ಮರೆಯಬೇಡಿ

ಕಾಡಿನ ಚಿಂಪಾಂಜಿ ನೋಡಬೇಕೆಂದರೆ ಆಫ್ರಿಕಾಕ್ಕೇ ಹೋಗಬೇಕು. ಆದರೆ ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಯಾವ ಕಾಡಿನಲ್ಲೂ ಇಲ್ಲದ ಸಿಂಗಳೀಕ ಎಂಬ ಮಂಗ ಬೆಂಗಳೂರಿನವರಾದ ನಮಗೆ ಒಂದು ರಾತ್ರಿಯ ಪ್ರಯಾಣದಷ್ಟೇ ದೂರ. ರಾಜಾಜಿನಗರ, ವಿಜಯನಗರದಿಂದ ಹೋಗಿಬರುವವರು ಹೆಚ್ಚಿದ್ದಾರೆ. ಚಡ್ಡಿ, ಚಪ್ಪಲಿಯಲ್ಲೇ ಕಾಡಿಗಿಳಿಯುವುದನ್ನು ನೋಡಿ ಇದನ್ನು ಬರೆಯುತ್ತಿದ್ದೇನೆ.

ಮೆಜೆಸ್ಟಿಕ್‌ನಲ್ಲಿ ತಾಳಗುಪ್ಪದ ರಾತ್ರಿ ರೈಲು ಹತ್ತಿ. ಅಲ್ಲಿಂದ ಹೊನ್ನಾವರದ ರಸ್ತೆ ಹಿಡಿದರೆ ಮಾವಿನಗುಂಡಿ, ಮಲೆಮನೆ ಘಾಟಿ, ಕತ್ತಲೆಕಾನು. 2019ರಲ್ಲಿ ಶರಾವತಿ ಕಣಿವೆಯಲ್ಲಿ ಸಿಂಗಳೀಕ ಅಭಯಾರಣ್ಯವೇ ಘೋಷಣೆಯಾಗಿದೆ. ವಲಯ ಅರಣ್ಯಾಧಿಕಾರಿಯ ಅನುಮತಿ ಪಡೆದು, ಸ್ಥಳೀಯರೊಬ್ಬರ ಜೊತೆಯಲ್ಲೇ ಹೋಗಿ.

ಈಗ ಮುಖ್ಯ ಮಾತು. ಮಳೆ ನಿಂತು ಜಿಗಣೆ ಕಡಿಮೆಯಾಗುವ ಹೊತ್ತಿಗೆ ಉಣುಗಿನ ಕಾಲ ಶುರು. ಮಂಗನ ಕಾಯಿಲೆ ಹರಡುವುದು ಇದರಿಂದಲೇ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಈ ರೋಗ 2024ರಲ್ಲಿ ಇದೇ ಭಾಗದ ಸಿದ್ದಾಪುರ ತಾಲ್ಲೂಕನ್ನೂ ಕಾಡಿತು. ಡಿಸೆಂಬರಿನಿಂದ ಮೇವರೆಗೆ ಹೆಚ್ಚು ಅಪಾಯ. ಮರಿ ಉಣುಗು ರಾಗಿ ಕಾಳಿಗಿಂತ ಚಿಕ್ಕದು. ಹೋದ ಸಲ ಜೊತೆಗಾರರೊಬ್ಬರ ಸಾಕ್ಸಿನ ಅಂಚಿನಲ್ಲಿ ಮೂರು ಕೂತಿದ್ದವು, ಅವರಿಗೆ ಗೊತ್ತೇ ಆಗಿರಲಿಲ್ಲ. ಉದ್ದ ತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸಿ. ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಉಣುಗು ಹತ್ತದಂತೆ ಊರವರಿಗೆ ಕೊಡುವ ಡೆಪಾ ಎಣ್ಣೆಯನ್ನು ಕೇಳಿ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ವಾಪಸಾದೊಡನೆ ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ.

ಊರಿಗೆ ಬಂದ ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ, ಮಲೆನಾಡಿನ ಕಾಡಿಗೆ ಹೋಗಿದ್ದೆ ಎಂದು ಡಾಕ್ಟರಿಗೆ ನೀವಾಗಿಯೇ ಹೇಳಿ. ಹೇಳದಿದ್ದರೆ ಬೆಂಗಳೂರಿನಲ್ಲಿ ಮೊದಲು ಡೆಂಗಿ ಎಂದೇ ಅನುಮಾನಿಸುತ್ತಾರೆ, ದಿನ ಕಳೆದುಹೋಗುತ್ತದೆ.

ಇನ್ನು ಸಿಂಗಳೀಕವನ್ನು ನೋಡುವುದು ಹೇಗೆ? ಬೆಳಿಗ್ಗೆ ಬೇಗ ಹೋಗಿ, ಸದ್ದಿಲ್ಲದೆ ನಿಂತು ಮೇಲೆ ಕಿವಿಗೊಡಿ. ಕೊಂಬೆ ಅಲುಗುವ, ಹಣ್ಣಿನ ಸಿಪ್ಪೆ ಉದುರುವ ಸದ್ದೇ ಸುಳಿವು. ಬೂದು ಮೈ, ಉದ್ದ ಬಾಲದ್ದು ಮುಸುವ. ಕಪ್ಪು ಮೈ, ಮುಖದ ಸುತ್ತ ಬೆಳ್ಳಿ ಕೇಸರ, ಗಿಡ್ಡ ಬಾಲದ ತುದಿಯಲ್ಲಿ ಕುಚ್ಚು ಇದ್ದರೆ ಸಿಂಗಳೀಕ. ಬೈನಾಕ್ಯುಲರ್ ಬೇಕೇಬೇಕು. ಬಾಳೆಹಣ್ಣು, ಬಿಸ್ಕತ್ತು ಎಸೆಯಬೇಡಿ. ರಸ್ತೆಗಿಳಿದು ತಿನ್ನುವುದು ರೂಢಿಯಾದರೆ ಅವು ಗಾಡಿಗಳಡಿಗೆ ಸಿಕ್ಕಿ ಸಾಯುತ್ತವೆ. ವಾಪಸಿನ ಟಿಕೆಟನ್ನು ಹೊರಡುವ ಮೊದಲೇ ಮಾಡಿಸಿ.